ಮೌಸ್ ಹಿಡಿದು ಇಟ್ಟ ಕುಂಕುಮ

ಹೋದ ವಾರ ನನ್ನ ಮೊಮ್ಮಗಳು ಮೌಸ್ ಹಿಡಿದು ನನ್ನ ಹಣೆಗೆ ಕುಂಕುಮ ಇಟ್ಟಳು. ಒಂದೇ ಕ್ಲಿಕ್.

ಗಾಬರಿಯಾಗಬೇಡಿ ಮಕ್ಕಳೇ, ಹೇಳುತ್ತೇನೆ. ನಾಲ್ಕು ಜನರ ಎದುರು ನನಗೆ ಬಾಯಿ ಬರುವುದಿಲ್ಲ. ಪೆನ್ನು ಹಿಡಿದರೆ ಮಾತ್ರ ಜೋರು. ನಾನು ಬರೆದದ್ದನ್ನು ಓದುವ ನಿಮಗೆ ಗೊತ್ತಿರುವುದೇ.

ಮಗ ಡಿಜಿಟಲ್ ಕ್ಯಾಮೆರಾ ತಂದಾಗಿನಿಂದ ಹಲಸೂರಿನ ನಮ್ಮ ಮನೆಯಲ್ಲಿ ಫೋಟೋ ಆಗದ ವಸ್ತು ಉಳಿದಿಲ್ಲ. ಇಡ್ಲಿಯ ಫೋಟೋ. ಬೆಕ್ಕಿನ ಫೋಟೋ. ಬೆಕ್ಕು ಇಡ್ಲಿ ನೋಡುತ್ತಿರುವ ಫೋಟೋ. ಮಂಗಳವಾರ ಹಿತ್ತಲ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ನನ್ನನ್ನೂ ಮೊಮ್ಮಗಳು ರಶ್ಮಿ ಬಿಡಲಿಲ್ಲ. "ಅಜ್ಜಿ, ಕನ್ನಡಕ ತೆಗಿ. ಇಲ್ನೋಡು" ಅಂದಳು. ತೆಗೆದೆ. ಕನ್ನಡಕ ತೆಗೆದ ಮೇಲೆ ಎಲ್ಲಿ ನೋಡುವುದು?

ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಆ ಫೋಟೋವನ್ನು ಹಳೆಯದು ಮಾಡಲು ಶುರುವಿಟ್ಟುಕೊಂಡಳು. ಹಿತ್ತಲ ಬಾಗಿಲು, ಅವರೆಕಾಯಿ ಎಲ್ಲ ಕತ್ತರಿಸಿ ನನ್ನ ಮುಖ ಮಾತ್ರ ಉಳಿಸಿದಳು. ಬಣ್ಣ ತೆಗೆದು ಕಂದು ಮಾಡಿದಳು, ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ. ಸುತ್ತ ಬಿಳಿ ಅಂಚು. ಮೂಲೆಯಲ್ಲಿ ಮಡಿಕೆ. ಮೇಲೆಲ್ಲ ಗೀರು. (ಶಿವಾಜಿನಗರದ ಸ್ಟುಡಿಯೋಗಳಲ್ಲಿ ಗೀರು ಹೋಗಿಸಿ ಕೊಡಿ ಅಂತ ಜನ ಗೋಗರೆಯುತ್ತಿದ್ದ ಕಾಲ ಕಂಡವಳು ನಾನು.)

"ಹೊಸದನ್ನ ಹಳೇದು ಮಾಡೋಕೆ ಸಾಫ್ಟ್‌ವೇರ್ ಬೇಕೇನೇ? ಸುಮ್ನೆ ಬಿಟ್ರೆ ತಾನೇ ಹಳೇದಾಗುತ್ತೆ. ನನ್ನ ನೋಡು" ಅಂದೆ.

"ಅಷ್ಟು ದಿನ ಯಾರಜ್ಜಿ ಕಾಯ್ತಾರೆ?"

ಮುಂದೆ ನನ್ನ ಮುಖಕ್ಕೆ ಕೈ ಹಾಕಿದಳು. ಫೋಟೋ ಹಳೆಯದಾದರೆ ಅದರೊಳಗೆ ಇರುವವಳು ಚಿಕ್ಕವಳಾಗಬೇಕಂತೆ. ಲೆಕ್ಕ ಸರಿಯೇ. ಮುಖದ ಗೆರೆ ಅಳಿಸಿ ಕಾಗದದ ಮೇಲೆ ಗೆರೆ ಎಳೆದಳು. ಕೂದಲಿಗೆ ಕಪ್ಪು ಬಳಿದಳು. ನನ್ನ ಹರೆಯದ ಫೋಟೋ ಮನೆಯಲ್ಲಿ ಒಂದೂ ಇಲ್ಲ, ತೆಗೆಸಿದ್ದರೆ ತಾನೇ? ಮೂವತ್ತರ ನನ್ನನ್ನು ನಾನು ಅವತ್ತೇ ಮೊದಲು ನೋಡಿದ್ದು. ಪರವಾಗಿಲ್ಲ, ಚೆನ್ನಾಗಿಯೇ ಇದ್ದೆ.

"ಏನೋ ಕಮ್ಮಿ ಅನ್ಸ್ತಿದೆ... ಹಾಂ, ಕುಂಕುಮ! ಆಗಿನ ಕಾಲದ ಹೆಂಗಸ್ರು ಕಾಸಗಲ ಇಟ್ಕೋತಿದ್ರಲ್ವಾ?" ಅಂದಳು. ಕ್ಲಿಕ್.

ಅವಳಿಗೆ ಅದು ಮಡಿಕೆ, ಗೀರುಗಳ ಸಾಲಿಗೆ ಇನ್ನೊಂದು. ನನಗೆ? ನನ್ನವರು ಹೋಗಿ ಹನ್ನೊಂದು ವರ್ಷ. ಅಂದಿನಿಂದ ಬೋಳು ಹಣೆ. ಈಗಲೂ ಕನ್ನಡಿ ನೋಡಿದರೆ ಬೆರಳು ತಾನಾಗಿ ಹುಬ್ಬಿನ ನಡುವೆ ಹೋಗಿ, ನೆನಪಾಗಿ ವಾಪಸ್ ಬರುತ್ತದೆ. ಇಟ್ಟುಕೊಳ್ಳುವ ಆಸೆ ಇರಲಿಲ್ಲವೇ? ಇತ್ತು. ಹೇಳಲು ಬಾಯಿ ಇರಲಿಲ್ಲ.

"ತೆಗಿಯೇ ಅದನ್ನ" ಅಂದೆ. ಜೋರಾಗಿ ಅನ್ನಲಿಲ್ಲ. ಅವಳೂ ತೆಗೆಯಲಿಲ್ಲ. ಕಮ್ಮನಹಳ್ಳಿಯಲ್ಲಿ ಪ್ರಿಂಟ್ ತೆಗೆಸಿ, ಫ್ರೇಮ್ ಹಾಕಿಸಿ ಟಿವಿಯ ಮೇಲೆ ಇಟ್ಟಳು.

ಭಾನುವಾರ ಕೆ.ಆರ್. ಪುರದಿಂದ ಮುನಿರತ್ನಮ್ಮ ಬಂದರು. ನನ್ನವರ ಅಕ್ಕ. ಅವತ್ತು ನನ್ನ ಹಣೆಯ ಕುಂಕುಮ ಅಳಿಸಿದ ಕೈ ಅವರದೇ. ನಮ್ಮ ಮನೆತನದಲ್ಲಿ ಯಾರು ಏನು ಉಡಬೇಕು, ಶುಭಕಾರ್ಯದಲ್ಲಿ ಯಾರು ಎಲ್ಲಿ ನಿಲ್ಲಬೇಕು ಅನ್ನುವುದೆಲ್ಲ ಇವತ್ತಿಗೂ ಅವರ ಇಲಾಖೆ. ಟಿವಿಯ ಕಡೆ ತಿರುಗಿದವರು ಫೋಟೋ ಕೈಗೆತ್ತಿಕೊಂಡರು.

"ಜಯಾ, ಇದ್ಯಾವಾಗ ತೆಗ್ಸಿದ್ದೇ? ನನ್ ತಮ್ಮ ಕದ್ದು ಸ್ಟುಡಿಯೋಗೆ ಕರ್ಕೊಂಡೋಗಿದ್ನಾ? ಕಳ್ಳ! ನನ್ಗೊಂದು ಮಾತು ಹೇಳ್ಲಿಲ್ಲ ನೋಡು." ಸೆರಗಿನಿಂದ ಕಣ್ಣೊರೆಸಿಕೊಂಡರು. "ಎಷ್ಟು ಲಕ್ಷಣವಾಗಿದ್ದೆ ಕಣೇ. ಆ ಹಣೆ ನೋಡು, ಆ ಕುಂಕುಮ ನೋಡು. ದೃಷ್ಟಿ ಆಗೋ ಹಂಗಿದೆ. ನನ್ಗೂ ಒಂದು ಕಾಪಿ ಹಾಕ್ಸಿಕೊಡು."

ನಾನು ಗೋಡೆ ನೋಡಿದೆ.

"ದೊಡ್ಡಜ್ಜಿ, ಅದು ಮಂಗಳವಾರದ್ದು" ಅನ್ನುತ್ತಾ ರಶ್ಮಿ ಅಡುಗೆಮನೆಯಿಂದ ಬಂದಳು. ಬಾಯಿ ತುಂಬ ಚಕ್ಕುಲಿ.

"ಯಾವ ಮಂಗಳವಾರ?"

"ಈ ವಾರದ್ದೇ. ನಾನೇ ಕಂಪ್ಯೂಟರಲ್ಲಿ ಹಳೇದು ಮಾಡಿದ್ದು. ಕುಂಕುಮಾನೂ ನಾನೇ ಇಟ್ಟಿದ್ದು."

ಮುನಿರತ್ನಮ್ಮ ಕಾದ ಹೆಂಚು ಮುಟ್ಟಿದವರಂತೆ ಫ್ರೇಮ್ ಕೆಳಗಿಟ್ಟರು. "ಅಯ್ಯಯ್ಯೋ! ಗಂಡ ಇಲ್ದೋಳ ಹಣೇಗೆ... ಅಳ್ಸೇ ಅದನ್ನ. ಈಗ್ಲೇ ಅಳ್ಸು."

"ಈಗ ತಾನೇ ಲಕ್ಷಣವಾಗಿದೆ ಅಂದ್ರಿ?"

"ಅದು ಹಳೇದು ಅಂದ್ಕೊಂಡು ಅಂದೆ!"

"ಹಣೆ ಅದೇ ಅಲ್ವಾ ದೊಡ್ಡಜ್ಜಿ?"

"ಏನ್ ಬಾಯಿನೇ ನಿಂದು! ಜಯಾ, ನೀನೇ ಹೇಳು ಇವಳ್ಗೆ. ಅಳ್ಸು ಅನ್ನು."

ರಶ್ಮಿ ಕಂಪ್ಯೂಟರ್ ಆನ್ ಮಾಡಿಕೊಂಡು ಕೂತು ನನ್ನತ್ತ ನೋಡಿದಳು. ಮದುವೆಯಾಗಿ ಬಂದಾಗಿನಿಂದ ಈ ಹೆಂಗಸಿನ ಮಾತಿಗೆ 'ಹೂಂ ಅತ್ತಿಗೆ' ಬಿಟ್ಟು ಬೇರೆ ಹೇಳಿದವಳಲ್ಲ ನಾನು. ಅಭ್ಯಾಸ ನೋಡಿ, ನಾಲಿಗೆ 'ಹೂಂ'ವರೆಗೂ ಬಂದೇಬಿಟ್ಟಿತ್ತು.

"ಇರ್ಲಿ ಬಿಡಿ ಅತ್ತಿಗೆ" ಅಂದೆ. "ನೀವೇ ಚೆನ್ನಾಗಿದೆ ಅಂದ್ರಲ್ಲ."

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮುನಿರತ್ನಮ್ಮ "ಕಾಲ ಕೆಟ್ಟೋಯ್ತು" ಅಂದು ಕಾಫಿ ಕುಡಿದರು. (ಎರಡು ಲೋಟ. ಸಿಟ್ಟು ಬಂದರೆ ಅವರಿಗೆ ಕಾಫಿ ಹೆಚ್ಚು ಬೇಕು.) ಬಸ್ಸು ಹತ್ತಿ ಹೋದರು. ಕಾಪಿಯ ಮಾತು ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರ ಮುಂದಿನ ಕುಂಕುಮದ ಬಟ್ಟಲಿಗೆ ಬೆರಳು ಹಾಕಿದೆ. ಬೊಟ್ಟು ಒಂಚೂರು ಸೊಟ್ಟಗೇ ಬಂತು. ಹಾಗೇ ಬಜಾರಿಗೆ ಹೊರಟೆ, ಯಾರು ಏನು ಕೇಳಿದರೆ ಏನು ಹೇಳಬೇಕು ಅಂತ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು.

ಎದುರು ಮನೆಯ ತಮಿಳು ಅಮ್ಮ "ಎನ್ನಾ ಜಯಮ್ಮಾ, ಮಾರ್ಕೆಟ್ಟಾ?" ಅಂದರು. ಸೊಪ್ಪು ಮಾರುವ ಬಾಷಾ ಸಾಬರು "ಮೆಂತ್ಯ ತಾಜಾ ಐತೆ ಅಮ್ಮಾ, ಎರಡು ಕಟ್ಟು ತಗೊಳ್ಳಿ" ಅಂದರು. ಅಷ್ಟೇ. ಹಣೆಯ ಬಗ್ಗೆ ಒಬ್ಬರೂ ಒಂದು ಮಾತು ಕೇಳಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ದಂಡ.

ಹಾಗಾದರೆ ಹನ್ನೊಂದು ವರ್ಷ ನಾನು ಹೆದರಿಕೊಂಡಿದ್ದು ಯಾರಿಗೆ ಮಕ್ಕಳೇ?