ನಮ್ಮತ್ತೆ ಹಾವಿನ ರೈಲು ಹತ್ತಿದ್ದು

ನಮ್ಮತ್ತೆ ಸಿದ್ದಲಿಂಗಮ್ಮನವರಿಗೆ ಯಾವುದನ್ನೂ ಪರೀಕ್ಷೆ ಮಾಡದೆ ಒಪ್ಪಿ ಗೊತ್ತಿಲ್ಲ. ನಂಜನಗೂಡಿನ ನಮ್ಮ ಬೀದಿಯಲ್ಲಿ ಅವರದು ಹಿಟ್ಟಿನ ಮಿಲ್ಲು. ರಾಗಿ ಹಿಟ್ಟು ಡಬ್ಬಕ್ಕೆ ಬೀಳುತ್ತಿದ್ದ ಹಾಗೆಯೇ ಒಂದು ಚಿಟಿಕೆ ತೆಗೆದು ಹೆಬ್ಬೆರಳಲ್ಲಿ ಉಜ್ಜಿ ನೋಡುತ್ತಾರೆ. ತರಿ ಸಿಕ್ಕಿದರೆ, ಗಿರಾಕಿ "ಸಾಕು ಬುಡಿ" ಅಂದರೂ ಬಿಡದೆ ಇನ್ನೊಂದು ಸಲ ಹಾಕುತ್ತಾರೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸದೆ ಕೊಂಡವರಲ್ಲ. ನನ್ನನ್ನು ನೋಡಲು ಬಂದ ದಿನ ನಾನು ಕೊಟ್ಟ ಉಪ್ಪಿಟ್ಟನ್ನೂ ಹಾಗೆಯೇ ಬೆರಳಲ್ಲಿ ಹಿಸುಕಿ, "ನೀರು ಒಸಿ ಕಮ್ಮಿ" ಅಂದಿದ್ದರು. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಅದನ್ನು ಮರೆತಿಲ್ಲ, ಅವರೂ ಮಾತು ವಾಪಸು ತೆಗೆದುಕೊಂಡಿಲ್ಲ.

ಇಷ್ಟು ಕಟ್ಟುನಿಟ್ಟಿನವರಾದ್ದರಿಂದಲೇ ಬೀದಿಯ ಹೆಂಗಸರಿಗೆ ಅವರ ಮಾತೆಂದರೆ ಮಾತು. ಕುಕ್ಕರ್ ಕೊಳ್ಳುವವರು, ಮಗಳನ್ನು ಟೈಲರಿಂಗಿಗೆ ಸೇರಿಸುವವರು, ಎಲ್ಲರೂ ಮೊದಲು ಮಿಲ್ಲಿನ ಕಟ್ಟೆ ಮೇಲೆ ಕೂತು ಕೇಳಿಕೊಂಡು ಹೋಗುತ್ತಾರೆ. ಕೇಳದೆ ಇರುವವರು ಒಬ್ಬರೇ, ಎದುರು ಮನೆಯ ಮಲ್ಲಾಜಮ್ಮ. ಇವರು ಏರಿಗೆ ಎಳೆದರೆ ಅವರು ನೀರಿಗೆ ಎಳೆಯಬೇಕು. ಆದರೂ ಸಂಜೆಯಾದರೆ ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾರೆ.

ನಮ್ಮ ಬೀದಿಯ ಹೆಂಗಸರು ಸೇರಿ ವಚನ ಹಾಡುವ ಅಕ್ಕನ ಬಳಗದವರು ವರ್ಷಕ್ಕೊಂದು ಸಲ ಮಿನಿ ಬಸ್ಸು ಮಾಡಿಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗುವುದು ವಾಡಿಕೆ. ಈ ಸಲವೂ ಅಲ್ಲಿಗೇ ಎಂದು ಮಲ್ಲಾಜಮ್ಮ ಡ್ರೈವರಿಗೆ ಹೇಳಿಯೂ ಆಗಿತ್ತು. ಅಷ್ಟರಲ್ಲಿ ನನ್ನ ಮಗಳು ಶ್ವೇತ ಅಜ್ಜಿಗೆ ಮೊಬೈಲಿನಲ್ಲಿ ಒಂದು ವೀಡಿಯೋ ತೋರಿಸಿಬಿಟ್ಟಳು. ಮೈಸೂರಿನ ಆಚೆ ಹೊಸದಾಗಿ ಆಗಿರುವ ಪಾರ್ಕಿನ ರೋಲರ್ ಕೋಸ್ಟರು. ಅದಕ್ಕೇನೋ ನಾಲಗೆ ಹೊರಳದ ಇಂಗ್ಲಿಷ್ ಹೆಸರಿತ್ತು, ನಮ್ಮ ಬೀದಿಯಲ್ಲಿ ಅದು ಹಾವಿನ ರೈಲು ಆಯಿತು. ಇಡೀ ಕರ್ನಾಟಕದಲ್ಲಿ ಇಂಥದ್ದಿಲ್ಲ ಎಂದು ವೀಡಿಯೋದ ಹುಡುಗ ಕಿರುಚುತ್ತಿದ್ದ. ಅತ್ತೆ ಮಿಲ್ಲು ನಿಲ್ಲಿಸಿ ಅದನ್ನು ಮತ್ತೆ ಮತ್ತೆ ನೋಡಿದರು. ಅವರ ಮುಖ ಆ ಹೊತ್ತಿಗೆ ಹಿಟ್ಟು ಮೆತ್ತಿದ ಹುಡುಗಿಯ ಮುಖವಾಗಿತ್ತು.

ಬಳಗದ ಸಭೆಯಲ್ಲಿ ಎದ್ದು ನಿಂತು ಹೇಳಿಯೇಬಿಟ್ಟರು: "ಮಾದಪ್ಪ ಎಲ್ಲೂ ಓಗಲ್ಲ, ಬರೋ ವರ್ಸನೂ ಅಲ್ಲೇ ಇರ್ತಾನೆ. ಈ ಸತಿ ಪಾರ್ಕಿಗೆ ಓಗನ. ನಾನೇ ಮೊದ್ಲು ಅತ್ತಿ ನೋಡ್ತೀನಿ. ಚೆಂದಾಗಿಲ್ಲ ಅಂದ್ರೆ ಬರೋ ವರ್ಸದಿಂದ ಟ್ರಿಪ್ಪಿನ ವಿಷ್ಯದಲ್ಲಿ ಬಾಯೇ ಬುಡಲ್ಲ."

"ಎಲ್ಲಾರೂ ಕೇಳಿಸ್ಕಂಡ್ರಲ್ಲ," ಅಂದರು ಮಲ್ಲಾಜಮ್ಮ. ಅವರಿಗೆ ಬೇಕಾಗಿದ್ದೂ ಅದೇ.

ಆ ದಿನ ಬೆಳಿಗ್ಗೆ ಬಸ್ಸಿನಲ್ಲಿ ಪುಳಿಯೋಗರೆ, ಕೋಡುಬಳೆ, ವಚನ, ಗಲಾಟೆ ಎಲ್ಲ ಇತ್ತು. ಪಾರ್ಕಿನ ಒಳಗೆ ಹೋಗಿ ಆ ರೈಲನ್ನು ತಲೆ ಎತ್ತಿ ನೋಡಿದ ಮೇಲೆ ಮಾತ್ರ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಅತ್ತೆ ಸೆರಗು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲಿನಲ್ಲಿ ನಿಂತೇಬಿಟ್ಟರು. ಅವರ ಜೊತೆಗೆ ನಾನು. ಬೇಡ ಅನ್ನುವ ಧೈರ್ಯವೂ ನನಗಿರಲಿಲ್ಲ. ಬಳಗದ ಉಳಿದವರೆಲ್ಲ ಪಕ್ಕದ ಕಟಕಟೆಗೆ ಆತುಕೊಂಡು ನೋಡುತ್ತಿದ್ದರು.

ಹತ್ತುವ ಬಾಗಿಲಿನಲ್ಲಿದ್ದ ಹುಡುಗಿ ಅತ್ತೆಯ ಕೊರಳಿಗೆ ಕೈ ತೋರಿಸಿದಳು.

"ಅಜ್ಜಿ, ಕತ್ತಲ್ಲಿ ನೇತಾಡೋದು ಏನೂ ಇರಬಾರದು. ಇದನ್ನ ತೆಗೆದು ಲಾಕರ್‌ನಲ್ಲಿ ಇಟ್ಟು ಬನ್ನಿ."

ಅದು ಅವರ ಕರಡಿಗೆ. ಬೆಳ್ಳಿಯ ಆ ಪುಟ್ಟ ಡಬ್ಬಿಯೊಳಗೆ ಅವರ ಇಷ್ಟಲಿಂಗ. ಅದು ಮೈಬಿಟ್ಟು ಕದಲುವ ಹಾಗಿಲ್ಲ. ಕದಲಿದರೆ ಅದು ಮರಳಿ ಮೈಮೇಲೆ ಬರುವ ತನಕ ಅತ್ತೆ ಅನ್ನ ಇರಲಿ, ನೀರೂ ಮುಟ್ಟುವವರಲ್ಲ. ನಾವು ಚಿಕ್ಕವರು ಈ ವಿಷಯದಲ್ಲಿ ಅಷ್ಟಕ್ಕಷ್ಟೇ. ಅತ್ತೆ, ಮಲ್ಲಾಜಮ್ಮ, ಆ ತಲೆಮಾರಿನವರು ಹಾಗಲ್ಲ.

"ಅದು ಬರಲ್ಲ ಮಗಾ," ಅಂದರು ಅತ್ತೆ. "ಲಿಂಗ ಅದು. ತೆಗಿಯಂಗಿಲ್ಲ."

"ಹಂಗಾದ್ರೆ ಕೂರಂಗಿಲ್ಲ ಅಜ್ಜಿ. ರೂಲ್ಸು."

ಕಟಕಟೆಯ ಕಡೆಯಿಂದ ಯಾರೋ, "ಎರಡು ನಿಮಿಷ ತಾನೆ ಸಿದ್ದಲಿಂಗಕ್ಕ, ಇಟ್ಬುಡು, ಯಾರು ನೋಡ್ತಾರೆ," ಅಂದರು. ಮಲ್ಲಾಜಮ್ಮ ಬಿಡುತ್ತಾರೆಯೇ? "ಬೆಟ್ಟಕ್ಕೆ ಓಗಿದ್ರೆ ಯಾರೂ ಲಿಂಗ ಬಿಚ್ಚು ಅಂತಿರ್ನಿಲ್ಲ," ಅಂದರು, ಎಲ್ಲರಿಗೂ ಕೇಳುವ ಹಾಗೆ.

ಅತ್ತೆಯ ಮುಖ ನೋಡಲಾಗಲಿಲ್ಲ. ಹತ್ತದೆ ವಾಪಸು ಬಂದರೆ ಇಡೀ ಬಳಗದ ಮುಂದೆ ಮಾತು ಹೋಗುತ್ತದೆ. ಲಿಂಗ ಬಿಚ್ಚುವುದಂತೂ ಕನಸಿನ ಮಾತು. ನನಗೆ ಆ ಹುಡುಗಿಯ ಮೇಲೂ ಮಲ್ಲಾಜಮ್ಮನ ಮೇಲೂ ಒಟ್ಟಿಗೇ ಸಿಟ್ಟು ಬಂತು. ಮೇಲಿನವರನ್ನು ಕರಿ ಎಂದು ಹುಡುಗಿಗೆ ಜೋರು ಮಾಡಿದೆ.

ಬಂದವರು ಸೂಪರ್‌ವೈಸರ್. ಅಂಗಿಯ ಮೇಲೆ ಗಂಗಾಧರಸ್ವಾಮಿ ಎಂದು ಹೆಸರಿತ್ತು, ಹಣೆಯ ಮೇಲೆ ಬೆಳಗಿನ ವಿಭೂತಿ ಇನ್ನೂ ಅಳಿಸಿರಲಿಲ್ಲ. ವಿಷಯ ಕೇಳಿ ಅವರು ತಮ್ಮ ಅಂಗಿಯ ಗುಂಡಿಯ ಹತ್ತಿರ ಕೈ ಇಟ್ಟುಕೊಂಡರು.

"ಅವ್ವಾ, ನಂದೂ ಅದೆ," ಅಂದರು ಮೆಲ್ಲಗೆ. "ಶುರುವಾದಾಗಿಂದ ಇಲ್ಲೇ ಕೆಲ್ಸ. ಇದುಕ್ಕೇ ನಾನು ಒಂದು ಸತಿನೂ ಕೂತಿಲ್ಲ. ನೇತಾಡಬಾರದು ಅನ್ನದು ಸರಿಯಾದ ರೂಲ್ಸೇ. ಮುಖಕ್ಕೆ ಒಡೀತದೆ, ಇಲ್ಲ ಹಿಂದಿನವ್ರಿಗೆ ಒಡೀತದೆ."

"ನೇತಾಡ್ದೆ ಇದ್ರೆ?" ಅಂದರು ಅತ್ತೆ. "ನಾಟಿ ಮಾಡುವಾಗ ನಮ್ಮವ್ವ ರಟ್ಟೆಗೆ ಕಟ್ಕಳ್ಳೋಳು. ಬಗ್ಗಿದ್ರೆ ಕೆಸರಿಗೆ ತಾಕಬಾರದು ಅಂತ."

ಗಂಗಾಧರಸ್ವಾಮಿ ಯೋಚಿಸಿ, ಆಗಬಹುದು ಎಂದು ತಲೆಯಾಡಿಸಿದರು. ಅತ್ತೆ ನನ್ನನ್ನು ಕೇಳದೆಯೇ ನನ್ನ ಹೊಸ ವೇಲಿನ ಅಂಚು ಪರ್ರನೆ ಹರಿದರು. ಕರಡಿಗೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡೇ ಅದನ್ನು ಕಟ್ಟಿದ್ದ ಶಿವದಾರವನ್ನು ತಲೆಯ ಮೇಲಿಂದ ತೆಗೆದು, ರಟ್ಟೆಗೆ ಒತ್ತಿಕೊಂಡರು. ನಾನು ದಾರವನ್ನೂ ಸೇರಿಸಿ ಬಟ್ಟೆ ಸುತ್ತಿ ಸುತ್ತಿ ಗಂಟು ಹಾಕಿ, ಮೇಲೆ ರವಿಕೆಯ ತೋಳು ಎಳೆದೆ. ಕೈಯನ್ನು ಜೋರಾಗಿ ಝಾಡಿಸಿ ಎಂದರು ಸೂಪರ್‌ವೈಸರ್. ಅತ್ತೆ ಮೊರದಲ್ಲಿ ರಾಗಿ ಕೇರುವವರ ಹಾಗೆ ಝಾಡಿಸಿದರು. ಕರಡಿಗೆ ಅಲುಗಲಿಲ್ಲ. ಕೂರಿಸಿದರು.

ರೈಲು ಕಟಕಟ ಎನ್ನುತ್ತ ಮೇಲೆ ಹತ್ತಿತು. ದೂರದಲ್ಲಿ ಚಾಮುಂಡಿ ಬೆಟ್ಟ ಕಂಡದ್ದು ನೆನಪಿದೆ. ಆಮೇಲೆ ನನ್ನ ಪ್ರಾಣ ಒಂದು ಕಡೆ, ನಾನು ಒಂದು ಕಡೆ. ಕೂಗಿದೆ. ಅತ್ತೆ, ಅವರ ಮಗ, ನಂಜುಂಡೇಶ್ವರ, ಎಲ್ಲರನ್ನೂ ಕರೆದೆ. ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಗಿದೇ ಹೋಗಿತ್ತು. ಪಕ್ಕಕ್ಕೆ ತಿರುಗಿ ನೋಡಿದರೆ ಅತ್ತೆ ಕಣ್ಣು ಮುಚ್ಚಿಕೊಂಡು, ಬಲಗೈಯಲ್ಲಿ ಎಡ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು.

ಕೆಳಗೆ ಬಳಗದವರೆಲ್ಲ ಸುತ್ತಿಕೊಂಡರು. "ಎಂಗಿತ್ತಕ್ಕ? ಚೆಂದಾಗಿತ್ತಾ?"

ಇಲ್ಲಿ ಒಂದು ಮಾತು ಹೇಳಬೇಕು. ಅತ್ತೆ ಆ ಕ್ಷಣ "ಭಾಳ ಚೆಂದಾಗಿತ್ತು" ಅಂದಿದ್ದರೆ ಅಲ್ಲ ಅನ್ನುವವರು ಯಾರೂ ಇರಲಿಲ್ಲ. ಮಾತೂ ಉಳಿಯುತ್ತಿತ್ತು, ಮಲ್ಲಾಜಮ್ಮನ ಬಾಯಿಯೂ ಮುಚ್ಚುತ್ತಿತ್ತು. ಅನ್ನಲಿ ಎಂದು ನಾನೇ ಮನಸ್ಸಿನಲ್ಲಿ ಬೇಡಿಕೊಂಡೆ.

"ಗೊತ್ತಿಲ್ಲ ಕಣ್ರವ್ವ," ಅಂದರು. "ನಾನು ನೋಡ್ನೇ ಇಲ್ಲ."

ಮಲ್ಲಾಜಮ್ಮ ನಕ್ಕರು. "ಇದುಕ್ಕಾ ಬೆಟ್ಟ ಬುಡಿಸಿದ್ದು?"

ಅತ್ತೆ ಸಿಮೆಂಟಿನ ಬೆಂಚಿನ ಮೇಲೆ ಕೂತರು. ಹೆಂಗಸರು ಐಸ್‌ಕ್ರೀಮಿನ ಅಂಗಡಿಯ ಕಡೆ ಹೋದರು. ನಾನೊಬ್ಬಳೇ ಪಕ್ಕದಲ್ಲಿ ಉಳಿದೆ. ಆಗ ಅವರು ನನಗೆ ಹಿಂದೆಂದೂ ಹೇಳದಿದ್ದ ವಿಷಯ ಹೇಳಿದರು. ಅವರ ತವರು ತಲಕಾಡು. ಚಿಕ್ಕಂದಿನಲ್ಲಿ ಮರಳಗುಡ್ಡದ ತುದಿಯಿಂದ ತೆಂಗಿನ ಮಟ್ಟೆಯ ಮೇಲೆ ಕೂತು ಜಾರುವುದೆಂದರೆ ಊಟ ಬೇಡವಂತೆ. ಒಂದು ದಿನ ಹಾಗೆ ಜಾರುವಾಗ ಶಿವದಾರ ಹರಿದು ಲಿಂಗ ಮರಳಿನಲ್ಲಿ ಕಾಣೆಯಾಯಿತು. ಅವರಪ್ಪ ಚಿಕ್ಕಬಸಪ್ಪ ಮನೆಯ ಜರಡಿ ತಂದು ಇಡೀ ಗುಡ್ಡದ ಮರಳು ಸೋಸಿದರು. ಮಗಳು ನೀರು ಮುಟ್ಟುವ ಹಾಗಿಲ್ಲವೆಂದು ಮನೆಯವರೂ ಯಾರೂ ಮುಟ್ಟಲಿಲ್ಲ. ಹೊತ್ತು ಮುಳುಗುವಾಗ ಸಿಕ್ಕಿತು.

"ಅಪ್ಪ ಬೈನಿಲ್ಲ ಕಣವ್ವ," ಅಂದರು. "ನಾನೇ ಮತ್ತೆ ಗುಡ್ಡ ಅತ್ತನಿಲ್ಲ. ಆ ವೀಡಿಯೋ ನೋಡ್ದಾಗ, ಇದೂ ಅಂಗೇ ಇರ್ತದೇನೋ ಅನ್ನಿಸ್ತು. ಮೇಲಿಂದ ಜಾರುವಾಗ ಒಟ್ಟೇಲಿ ಒಂದು ತರ ಆಗದು. ಅದು ಬೇಕಾಗಿತ್ತು. ಇವತ್ತು ಅಷ್ಟೊತ್ತೂ ಗಂಟು ಬಿಚ್ಚೋಯ್ತದೆ ಅನ್ನದೇ ಆಯ್ತು."

ನನಗೆ ಅವರನ್ನು ಕಂಡು ತುಂಬ ಪ್ರೀತಿ ಬಂತು. ಉಪ್ಪಿಟ್ಟಿನ ಸಿಟ್ಟು ಅವತ್ತಿಗೆ ಬದಿಗಿಟ್ಟೆ.

"ಅತ್ತೆ, ಗಂಟು ಹಾಕಿದ್ದು ನಾನು," ಅಂದೆ. "ಬಿಚ್ಚಿ ನೋಡಿ, ಬತ್ತದಾ ಅಂತ."

ಅವರು ರವಿಕೆಯ ತೋಳು ಸರಿಸಿ ಗಂಟನ್ನು ಎಳೆದರು. ಹಲ್ಲಿನಿಂದಲೂ ನೋಡಿದರು. ಅದು ಜಪ್ಪಯ್ಯ ಅನ್ನಲಿಲ್ಲ. ತೋಳು ಕೆಳಗೆ ಎಳೆದುಕೊಂಡು ಎದ್ದರು.

"ನೀನು ಬರ್ಬೇಡ, ಕಿವಿ ತೂತು ಬೀಳಂಗೆ ಕೂಗ್ತೀಯ," ಎಂದು ಹೇಳಿ ಒಬ್ಬರೇ ಮತ್ತೆ ಸಾಲಿಗೆ ಹೋದರು.

ಈ ಸಲ ಕಟಕಟೆಯಲ್ಲಿ ನಿಂತು ನಾನು ನೋಡಿದೆ. ಐಸ್‌ಕ್ರೀಮು ಹಿಡಿದ ಬಳಗದವರೂ ನೋಡಿದರು. ಅತ್ತೆ ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿದ್ದರು. ತುದಿಯಿಂದ ರೈಲು ಕೆಳಕ್ಕೆ ಬೀಳುವಾಗ ಅವರ ಎರಡು ಕೈಯೂ ಮೇಲಿದ್ದವು, ಬಾಯಿ ಪೂರಾ ತೆರೆದಿತ್ತು. ನಮ್ಮ ಮುಂದಿನಿಂದ ಭರ್ರನೆ ಹೋಗುವಾಗ ಅವರು ನಗುತ್ತಿದ್ದದ್ದು ಕೇಳಿಸಿತು. ಅಷ್ಟು ದೊಡ್ಡ ದನಿಯಲ್ಲಿ ನಗುವುದು ಅವರಿಗೆ ಬರುತ್ತದೆಂದೇ ನಮಗ್ಯಾರಿಗೂ ಗೊತ್ತಿರಲಿಲ್ಲ.

ಇಳಿದು ಬಂದಾಗ ಜಡೆ ಬಿಚ್ಚಿಹೋಗಿತ್ತು. ಈ ಸಲ ಯಾರೂ ಕೇಳಲಿಲ್ಲ, ಅವರೇ ಹೇಳಿದರು.

"ಆ ವೀಡಿಯೋದ ಹುಡ್ಗ ಯೋಳ್ದಷ್ಟು ಎತ್ರ ಇಲ್ಲ. ಒಂದು ಸೇರು ರಾಗಿ ಬೀಸೋ ಒತ್ತೂ ಇಲ್ಲ, ಮುಗ್ದೋಯ್ತದೆ. ಮರಳಗುಡ್ಡಕ್ಕೆ ಸಮ ಇಲ್ಲ." ಉಸಿರು ತೆಗೆದುಕೊಂಡರು. "ಆದ್ರೂ ಒಟ್ಟೇಲಿ ಅದೇ ಆಯ್ತದೆ. ಚೆಂದಾಗದೆ."

"ಲಿಂಗ?" ಅಂದರು ಮಲ್ಲಾಜಮ್ಮ.

"ಇಲ್ಲೇ ಅದೆ. ಅದು ಎಲ್ಲೂ ಓಗ್ತಿರ್ನಿಲ್ಲ. ನಾನೇ ಸುಮ್ಕೆ ಇಡ್ಕಂಡು ಕೂತಿದ್ದೆ."

ಮಲ್ಲಾಜಮ್ಮ ಸ್ವಲ್ಪ ಹೊತ್ತು ಆ ರೈಲನ್ನೇ ನೋಡಿದರು. ಕೈಯಲ್ಲಿದ್ದ ಐಸ್‌ಕ್ರೀಮು ಕರಗಿ ಮೊಣಕೈಗೆ ಇಳಿಯುತ್ತಿತ್ತು. ಅದನ್ನು ನನಗೆ ಕೊಟ್ಟು, ಕೈ ತೊಳೆದು ಬಂದು, ರವಿಕೆಯ ತೋಳು ಮೇಲೆ ಮಾಡಿ ಅತ್ತೆಯ ಮುಂದೆ ರಟ್ಟೆ ಚಾಚಿದರು.

"ನಂಗೂ ಕಟ್ಟು," ಅಂದರು.

ಅತ್ತೆ ನನ್ನ ವೇಲಿನಲ್ಲಿ ಇನ್ನೊಂದು ಅಂಚು ಹರಿದು, ಗೆಳತಿಯ ಲಿಂಗವನ್ನು ಒತ್ತಿ ಹಿಡಿಸಿ, ಬಿಗಿಯಾಗಿ ಕಟ್ಟಿದರು. ಆಮೇಲೆ ಅವರ ಬೆನ್ನಿಗೆ ಕೈ ಇಟ್ಟು ಸಾಲಿನ ಕಡೆಗೆ ನಡೆಸಿಕೊಂಡು ಹೋಗುತ್ತ ಹೇಳಿದರು:

"ಕಣ್ಣು ಮಾತ್ರ ಮುಚ್ಬೇಡ ಕಣೆ."