ಮಟ್ಟಿಗೆ ರಜಾ ಇದ್ದ ಭಾನುವಾರ

ಮಾನ್ಯ ಓದುಗರ ಸನ್ನಿಧಿಗೆ ಸವಿನಯ ವಿಜ್ಞಾಪನೆ.

ಕಚೇರಿಯ ಟಿಪ್ಪಣಿ ಮತ್ತು ನೆನಪೋಲೆಗಳನ್ನು ಹೊರತುಪಡಿಸಿ ನಾನು ಈವರೆಗೆ ಏನನ್ನೂ ಬರೆದವನಲ್ಲ. ನನ್ನ ಬಲಮೊಣಕೈ ಪೂರ್ತಿ ಚಾಚುವುದಿಲ್ಲವಾದ್ದರಿಂದ ಅಕ್ಷರಗಳು ಸಾಲು ಬಿಟ್ಟು ಕೆಳಗಿಳಿಯುತ್ತವೆ. ಒತ್ತಕ್ಷರಗಳ ಬಗ್ಗೆಯೂ ನನಗೆ ಧೈರ್ಯ ಸಾಲದು. ಕೈಬರಹದ ಹಾಗೂ ಕಾಗುಣಿತದ ದೋಷಗಳನ್ನು ಮನ್ನಿಸಿ ಮುಂದಕ್ಕೆ ಓದಬೇಕೆಂದು ಮೊದಲಿಗೇ ಕೋರುತ್ತೇನೆ.

ಕಳೆದ ತಿಂಗಳ ಒಂದು ಶನಿವಾರ ಸಂಜೆ ಹಿರಿಯೂರಿನ ನಮ್ಮ ಮನೆಯಲ್ಲಿ ನನ್ನ ಪತ್ನಿಯು ಹರಳೆಣ್ಣೆಗೆ ಅರಿಶಿನ ಹಾಕಿ ಬಿಸಿ ಮಾಡುತ್ತಿದ್ದಳು. ನಮ್ಮ ಏಳು ವರ್ಷದ ಮಗಳು ಸ್ಕೇಟಿಂಗ್ ತರಗತಿಯಲ್ಲಿ ಬಿದ್ದು ಕಾಲು ಉಳುಕಿಸಿಕೊಂಡು ಬಂದಿದ್ದಳು. ಆರು ಗಂಟೆಗೆ ಆಕೆಗೆ ಅಬ್ಯಾಕಸ್ ತರಗತಿ ಇತ್ತು. ಉಳುಕಿರುವುದು ಕಾಲು, ಲೆಕ್ಕ ಮಾಡುವುದು ಕೈ, ಆದಕಾರಣ ಹೋಗಲು ಅಡ್ಡಿಯಿಲ್ಲವೆಂದು ನಾನು ತಿಳಿಸಿದೆನು. ಆಕೆ ಹೋಗುವುದಿಲ್ಲವೆಂದಳು. ನಾನು ಹೊಡೆದೆನು. ಒಂದಲ್ಲ, ಎರಡು ಏಟು. ಎರಡನೆಯದಕ್ಕೆ ಆಕೆಯ ತಲೆ ಗೋಡೆಗೆ ತಾಗಿತು. ಆಕೆ ಅಳಲಿಲ್ಲ. ನನ್ನ ಮುಖ ನೋಡುತ್ತಾ, "ಅಪ್ಪಾಜಿ, ಇನ್ನೊಂದ್ ಕಾಲೂ ಉಳುಕಿದ್ರೆ ನಾಳೆ ಡ್ಯಾನ್ಸಿಗೂ ಹೋಗಂಗಿಲ್ವಾ?" ಎಂದು ಕೇಳಿದಳು.

ಆ ಮಾತು ಮುಗಿಯುವ ಹೊತ್ತಿಗೆ ಅಡುಗೆಮನೆಯಿಂದ ಬಿಸಿ ಎಣ್ಣೆಯ, ಅರಿಶಿನದ ವಾಸನೆ ಬಂತು. ನಾನು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟೆನು. ಅದು ಚಿತ್ರದುರ್ಗದ ಗರಡಿಯ ವಾಸನೆ. ವಸ್ತಾದರ ಅಂಗೈಯ ವಾಸನೆ...

ವಸ್ತಾದರೆಂದರೆ ಗರಡಿಯಲ್ಲಿ ಕುಸ್ತಿ ಹೇಳಿಕೊಡುವವರು. ನಮ್ಮ ವಸ್ತಾದರ ಗರಡಿಯು ಕೋಟೆಯ ಬುಡದ ಒಂದು ಓಣಿಯಲ್ಲಿತ್ತು. ಅವರ ಎರಡೂ ಕಿವಿಗಳು ಪೆಟ್ಟು ತಿಂದು ತಿಂದು ಒಣಗಿದ ಅಣಬೆಯಂತೆ ಮುದುಡಿಹೋಗಿದ್ದವು. ಮೂಗು ಎರಡು ಕಡೆ ಮುರಿದಿತ್ತು. ಅವರು ಮೃದು ಸ್ವಭಾವದವರೆಂದು ನಾನು ಇಲ್ಲಿ ಬರೆದರೆ ಅದು ಸುಳ್ಳಾಗುತ್ತದೆ. ದೊಡ್ಡ ಹುಡುಗರು ಪಟ್ಟು ತಪ್ಪಿದರೆ ಮೀನಖಂಡಕ್ಕೆ ಬೆತ್ತ ಬೀಳುತ್ತಿತ್ತು. ಮೂಗಿನಿಂದ ರಕ್ತ ಸುರಿದರೆ ಹಿಡಿ ಮಣ್ಣು ಒತ್ತಿ ಮತ್ತೆ ಕಣಕ್ಕೆ ತಳ್ಳುತ್ತಿದ್ದರು. ಒಬ್ಬನ ಹಲ್ಲು ಮುರಿದು ಮಣ್ಣಿನಲ್ಲಿ ಬಿದ್ದಾಗ, ಅದನ್ನು ಹುಡುಕಿ ತೆಗೆಯುವವರೆಗೆ ಯಾರೂ ಮನೆಗೆ ಹೋಗಕೂಡದೆಂದು ಬಾಗಿಲಿಗೆ ಅಡ್ಡ ನಿಂತಿದ್ದರು. ಬೇರೊಬ್ಬರ ಅಂಗಾಲಿಗೆ ಚುಚ್ಚೀತೆಂಬುದು ಅವರ ಕಾರಣ.

ಕುಸ್ತಿಯ ಕಣದ ಮಣ್ಣಿಗೆ ಮಟ್ಟಿ ಎನ್ನುತ್ತಾರೆ. ನಮ್ಮ ಗರಡಿಯಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಶನಿವಾರ ಸಂಜೆ ಮಟ್ಟಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ, ನೀರು ಚಿಮುಕಿಸಿ, ಹಲಗೆಯಿಂದ ತಟ್ಟಿ ಸಮ ಮಾಡುತ್ತಿದ್ದರು. ಭಾನುವಾರ ಪೂರ್ತಿ ಅದರ ಮೇಲೆ ಯಾರೂ ಕಾಲಿಡುವಂತಿರಲಿಲ್ಲ. ಸೋಮವಾರ ಬೆಳಿಗ್ಗೆ ಸಲಿಕೆಯಿಂದ ಅಗೆದು ಸಡಿಲ ಮಾಡಿದ ನಂತರವೇ ಅಭ್ಯಾಸ. ಭಾನುವಾರವನ್ನು ಎಲ್ಲರೂ ಮಟ್ಟಿಗೆ ರಜಾ ಎಂದು ಕರೆಯುತ್ತಿದ್ದರು.

ನನಗೆ ಆಗ ಎಂಟು ವರ್ಷ. ನಮ್ಮ ತಂದೆಯವರಿಗೆ ಪೇಟೆಯಲ್ಲಿ ಕಬ್ಬಿಣದ ಅಂಗಡಿ. ಹೊಳಲ್ಕೆರೆಯ ದೊಡ್ಡಪ್ಪನವರ ಮಗನು ಕುಸ್ತಿಯಲ್ಲಿ, ಹಿಂದಿ ಪರೀಕ್ಷೆಯಲ್ಲಿ, ಭಾಷಣದಲ್ಲಿ ಬಹುಮಾನ ತಂದ ವಿಷಯವು ನಮ್ಮ ಮನೆಗೆ ಪ್ರತಿ ಹಬ್ಬದಲ್ಲೂ ತಲುಪುತ್ತಿತ್ತು. ಅದಕ್ಕೆ ಉತ್ತರವಾಗಿ ನನ್ನನ್ನು ಬೆಳಿಗ್ಗೆ ಐದೂವರೆಗೆ ಗರಡಿಗೆ ಸೇರಿಸಿದರು. ಶಾಲೆಯ ನಂತರ ಹಿಂದಿ, ಹಿಂದಿಯ ನಂತರ ತಬಲ, ತಬಲದ ನಂತರ ಗಣಿತದ ಟ್ಯೂಷನ್ ಇದ್ದವು. ಶನಿವಾರ ಮಧ್ಯಾಹ್ನ ಚಿತ್ರಕಲೆ, ಭಾನುವಾರ ಕರಾಟೆ. ಯಾವುದಕ್ಕೆ ತಡವಾದರೂ ಅಂಗಡಿಯ ಕಬ್ಬಿಣದ ಅಳತೆಪಟ್ಟಿಯಿಂದ ಬೆನ್ನಿಗೆ ಬೀಳುತ್ತಿತ್ತು. ಆ ಪಟ್ಟಿಯ ಅಂಚಿನಲ್ಲಿ ಇಂಚಿನ ಗೆರೆಗಳನ್ನು ಕೊರೆಯಲಾಗಿತ್ತು. ಬೆನ್ನ ಮೇಲೂ ಅವು ಮೂಡುತ್ತಿದ್ದವೆಂದು ನಮ್ಮ ತಾಯಿಯವರು ಎಣ್ಣೆ ಹಚ್ಚುವಾಗ ಹೇಳುತ್ತಿದ್ದರು.

ಗರಡಿಗೆ ಸೇರಿ ಎರಡು ವಾರವಾಗಿರಬಹುದು. ನಾನು ಒಂದು ಉಪಾಯ ಕಂಡುಕೊಂಡೆನು. ಎದುರಾಳಿ ಕೈ ಹಾಕುವ ಮುನ್ನವೇ ಬೆನ್ನು ಮಣ್ಣಿಗೆ ತಾಗಿಸಿಬಿಟ್ಟರೆ ಆಟ ಮುಗಿಯುತ್ತಿತ್ತು, ಮುಂದಿನ ಸರದಿಯವರೆಗೆ ಹಾಗೇ ಮಲಗಿರಬಹುದಿತ್ತು. ಒಂದು ಬೆಳಿಗ್ಗೆ ಹಾಗೆ ಮಲಗಿದವನು ನಿಜವಾಗಿ ನಿದ್ದೆ ಹೋದೆನು. ಕಣ್ಣು ಬಿಟ್ಟಾಗ ವಸ್ತಾದರು ಬೆತ್ತ ಹಿಡಿದು ಮೇಲೆ ನಿಂತಿದ್ದರು. ಹುಡುಗರೆಲ್ಲ ನಗುತ್ತಿದ್ದರು. ಹೊಡೆಯುವುದಕ್ಕೆಂದು ನನ್ನನ್ನು ಮಗುಚಿ ಹಾಕಿದವರು ನನ್ನ ಬೆನ್ನನ್ನು ಕಂಡು ಬೆತ್ತವನ್ನು ಕೆಳಗಿಟ್ಟರು.

"ಇವ್ನು ಬೀಳ್ತಿಲ್ಲ ಕಣ್ರಲೇ, ಮಲಗ್ತಾವ್ನೆ," ಎಂದು ಉಳಿದವರಿಗೆ ಹೇಳಿ, ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದರು. ದಿನದಲ್ಲಿ ಏನೇನು ಮಾಡುತ್ತೇನೆಂದು ಕೇಳಿದರು. ನಾನು ವರದಿ ಒಪ್ಪಿಸಿದೆನು. ಅವರು ಬೆರಳು ಮಡಿಚುತ್ತಾ ಹೋಗಿ, ಒಂದು ಕೈಯ ಬೆರಳುಗಳು ಮುಗಿದು ಇನ್ನೊಂದು ಕೈಗೆ ಬಂದಾಗ ನಿಲ್ಲಿಸಿದರು. ಇವುಗಳಲ್ಲಿ ಯಾವುದು ಇಷ್ಟವೆಂದು ಕೇಳಿದರು. ಅದುವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ತಬಲ ಎಂದೆನು.

"ಮಣ್ಣಿಗೇ ವಾರಕ್ಕೊಂದಿನ ರಜಾ ಕೊಡ್ತೀವಿ ತಮ್ಮಾ. ನೀನು ಮಣ್ಣಿಗಿಂತ ಕಡೆ ಆದೇನಲೇ?" ಎಂದರು. ಅನಂತರ ಮೂಲೆಯಲ್ಲಿದ್ದ ಗೋಣಿಚೀಲಗಳನ್ನು ಹಾಸಿ, "ಮಲ್ಕ. ಏಳು ಗಂಟೆಗೆ ಎಬ್ಬಿಸ್ತೀನಿ," ಎಂದರು.

ಅಂದಿನಿಂದ ಸುಮಾರು ಮೂರು ತಿಂಗಳ ಕಾಲ ನಾನು ಗರಡಿಯಲ್ಲಿ ನಿದ್ದೆ ಮಾಡಿದೆನು. ಗೋಡೆಯಾಚೆ ಮೈಗೆ ಮೈ ಬಡಿಯುವ ಸದ್ದು, ಹುಡುಗರ ನರಳಾಟ, ಬೆತ್ತದ ಏಟು... ಅವುಗಳ ನಡುವೆ ನನಗೆ ಬಂದಂಥ ನಿದ್ದೆ ಮತ್ತೆಲ್ಲಿಯೂ ಬಂದಿಲ್ಲ. ಏಳಕ್ಕೆ ಅವರು ನನ್ನ ಬಾಸುಂಡೆಗಳಿಗೆ ಎಣ್ಣೆ ಅರಿಶಿನ ಸವರಿ, ಅಭ್ಯಾಸ ಮಾಡಿದವನಂತೆ ಕಾಣಲೆಂದು ಮೊಣಕಾಲಿಗೂ ಭುಜಕ್ಕೂ ಒಂದಿಷ್ಟು ಮಣ್ಣು ಬಳಿದು ಕಳುಹಿಸುತ್ತಿದ್ದರು. ತಂದೆಯವರು ದಾರಿಯಲ್ಲಿ ಸಿಕ್ಕು ವಿಚಾರಿಸಿದರೆ, ಹುಡುಗ ಚೆನ್ನಾಗಿ ತಯಾರಾಗುತ್ತಿದ್ದಾನೆಂದು ಉತ್ತರಿಸುತ್ತಿದ್ದರು. ಒಂದು ದಿನವೂ ಸುಳ್ಳಾಡದಿದ್ದ ಮನುಷ್ಯ ನನಗೋಸ್ಕರ ಮೂರು ತಿಂಗಳು ಸುಳ್ಳಾಡಿದರು.

ತಂದೆಯವರು ಆ ಸುಳ್ಳನ್ನು ನಂಬಿದರು. ನಂಬಿ, ಒಂದು ಭಾನುವಾರ ದೊಡ್ಡಪ್ಪನವರನ್ನೂ ಅವರ ಮಗನನ್ನೂ ಹೊಳಲ್ಕೆರೆಯಿಂದ ಕರೆಸಿದರು. ಇಬ್ಬರು ಹುಡುಗರನ್ನು ಕಣಕ್ಕಿಳಿಸಿ ನೋಡೋಣವೆಂಬುದು ಅವರ ಇರಾದೆಯಾಗಿತ್ತು. ವಸ್ತಾದರು ಹಿಂದಿನ ದಿನವೇ ಹರಿಯಬ್ಬೆಯಲ್ಲಿದ್ದ ಮಗಳ ಮನೆಗೆ ಹೋಗಿದ್ದರು. ಗರಡಿಯ ಬೀಗ ನಮ್ಮ ಅಂಗಡಿಯದ್ದೇ ಆದ್ದರಿಂದ ಇನ್ನೊಂದು ಕೀಲಿ ತಂದೆಯವರ ಬಳಿ ಇತ್ತು. ಬಾಗಿಲು ತೆರೆದಾಗ ಮಟ್ಟಿಯು ತಟ್ಟಿ ಆರಿದ ರಾಗಿ ಒಕ್ಕುವ ಕಣದ ಹಾಗೆ ಬಿಗಿದು ನುಣುಪಾಗಿತ್ತು. ಒಂದು ಹೆಜ್ಜೆ ಗುರುತೂ ಇರಲಿಲ್ಲ.

"ಇವತ್ತು ಮಟ್ಟಿಗೆ ರಜಾ ಐತಪ್ಪಾಜಿ," ಎಂದೆನು.

"ಮಣ್ಣಿಗೆಂಥ ರಜಾನಲೇ? ಇಳಿ," ಎಂದು ತಂದೆಯವರು ಕತ್ತಿಗೆ ಕೈ ಹಾಕಿ ನೂಕಿದರು.

ದೊಡ್ಡಪ್ಪನ ಮಗ ನನಗಿಂತ ಎರಡು ವರ್ಷ ದೊಡ್ಡವನು. ನನ್ನ ಹಳೆಯ ಉಪಾಯದಂತೆ ಮಲಗಿಬಿಡಲು ಹೋದೆನು. ಅವನು ಅದಕ್ಕೆ ಅವಕಾಶ ಕೊಡಲಿಲ್ಲ. ಸೊಂಟಕ್ಕೆ ಕೈ ಹಾಕಿ, ಎತ್ತಿ, ತಲೆಯ ಮೇಲಿನಿಂದ ಎಸೆದನು. ನಾನು ಬಲಗೈ ಊರಿದೆನು. ಊರಬಾರದೆಂದು ಗರಡಿಗೆ ಬಂದ ಮೂರನೆಯ ವಾರ ಎಲ್ಲ ಹುಡುಗರಿಗೂ ಕಲಿಸುತ್ತಾರೆ. ಆ ವಾರ ನಾನು ಮಲಗಿದ್ದೆನು. ಹಸಿ ಸೌದೆ ಮುರಿದಂಥ ಸದ್ದು ಬಂತು. ಮೊಣಕೈ ಹಿಂದುಮುಂದಾಗಿ ತಿರುಗಿ, ಚರ್ಮದ ಒಳಗಿಂದ ಮೂಳೆ ಉಬ್ಬಿ ನಿಂತಿದ್ದನ್ನು ನಾನು ನೋವು ಬರುವುದಕ್ಕಿಂತ ಮೊದಲು ಕಂಡೆನು.

ದೊಡ್ಡಪ್ಪನವರು ಮೊದಲು ಅದನ್ನು ಕಾಣದೆ ನಕ್ಕರು. "ಇದೇನಪ್ಪ ತಮ್ಮಾ, ನಿನ್ ಮಗ ಮೂರ್ ತಿಂಗ್ಳು ಗರಡೀಲಿ ಬರೀ ನಿದ್ದೆ ಹೊಡ್ದಾನೇನು?"

ಅದೇ ಸಮಯಕ್ಕೆ ವಸ್ತಾದರು ಬಸ್ಸಿಳಿದು ಬಂದರು. ಚೀಲವನ್ನು ಬಾಗಿಲಲ್ಲೇ ಎಸೆದು, ಮಟ್ಟಿಗಿಳಿದು, ಹೆಗಲ ಮೇಲಿನ ವಸ್ತ್ರವನ್ನು ಸೀಳಿ ನನ್ನ ಕೈಯನ್ನು ಮೈಗೆ ಸೇರಿಸಿ ಕಟ್ಟತೊಡಗಿದರು. ಓಣಿಯ ಜನ ಬಾಗಿಲಲ್ಲಿ ಸೇರಿದರು. ತಂದೆಯವರು ನನ್ನ ಕೂದಲು ಹಿಡಿದು ಮುಖ ಮೇಲೆತ್ತಿ, ಮೂರು ತಿಂಗಳು ಇಲ್ಲಿ ಏನು ಮಾಡುತ್ತಿದ್ದೆಯೆಂದು ಕೇಳಿದರು. ಕೇಳಿ ಕೆನ್ನೆಗೆ ಹೊಡೆದರು. ಮತ್ತೆ ಕೇಳಿದರು. ಮತ್ತೆ ಹೊಡೆದರು. ಮಲಗುತ್ತಿದ್ದೆನೆಂದು ಹೇಳಿದೆನು. ಯಾರು ಮಲಗಿಸಿದರೆಂದರು.

ಓದುಗರಲ್ಲಿ ಒಂದು ವಿಷಯವನ್ನು ನಾನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಈ ಲೇಖನವನ್ನು ಬರೆಯುತ್ತಿರುವುದೇ ಅದಕ್ಕಾಗಿ. ಕೈ ಕಟ್ಟುತ್ತಿದ್ದ ವಸ್ತಾದರ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ನಾನು ಹೇಳಿದೆನು:

"ವಸ್ತಾದ್ರು. ಏನೂ ಹೇಳ್ಕೊಡ್ಲಿಲ್ಲ. ಬೆನ್ನಿಗೆ ಹೊಡೆಯೋರು. ಮನೇಲಿ ಹೇಳಿದ್ರೆ ಸಾಯಿಸ್ತೀನಿ ಅನ್ನೋರು."

ಯಾರೋ ನನ್ನ ಅಂಗಿ ಎತ್ತಿದರು. ಬೆನ್ನ ಮೇಲಿನ ಗೆರೆಗಳನ್ನು ಜನರೆಲ್ಲ ನೋಡಿದರು. ತಂದೆಯವರೂ ನೋಡಿದರು.

ತಂದೆಯವರು ಗೋಡೆಗೆ ಒರಗಿಸಿದ್ದ ಸಲಿಕೆಯನ್ನು ತೆಗೆದುಕೊಂಡು ಅದರ ಮರದ ಕಾವಿನಿಂದ ವಸ್ತಾದರ ಹೆಗಲಿಗೆ ಹೊಡೆದರು. ಆಮೇಲೆ ಪಕ್ಕೆಗೆ. ಆಮೇಲೆ ಆ ಮುದುಡಿದ ಕಿವಿಯ ಮೇಲೆ. ವಸ್ತಾದರು ಮನಸ್ಸು ಮಾಡಿದ್ದರೆ ಒಂದೇ ಹಿಡಿತದಲ್ಲಿ ತಂದೆಯವರ ಕತ್ತು ಮುರಿಯಬಹುದಿತ್ತು. ಅವರ ದೊಡ್ಡ ಶಿಷ್ಯರಿಬ್ಬರು ಮುಂದೆ ಬಂದಾಗ ಕಣ್ಣಿನಲ್ಲೇ ತಡೆದರು. ನನ್ನ ಕೈಯ ಗಂಟು ಹಾಕಿ ಮುಗಿಯುವವರೆಗೆ ಏಟು ತಿನ್ನುತ್ತಲೇ ಗಂಟು ಹಾಕಿದರು. ಕಿವಿಯಿಂದ ಇಳಿದ ರಕ್ತ ಆ ಬಿಳಿ ವಸ್ತ್ರದ ಮೇಲೆ ಹನಿಯುತ್ತಿತ್ತು. ಕಾವು ಮುರಿದ ಮೇಲೆ ತಂದೆಯವರು ಕಾಲಿನಿಂದ ಒದ್ದರು. ಆಗ ವಸ್ತಾದರು ಮಟ್ಟಿಯ ಮೇಲೆ ಪಕ್ಕಕ್ಕೆ ಉರುಳಿದರು.

"ತಪ್ಪು ನಂದೇ ಸಾವ್ಕಾರ್ರೆ," ಎಂದರು. ಬಾಯಿಯಲ್ಲೂ ರಕ್ತವಿತ್ತು. "ಮಲಗಿಸ್ದೆ, ಸರಿ. ಮಲಗ್ಸೋಕೆ ಮುಂಚೆ ಬೀಳೋದಾದ್ರೂ ಕಲಿಸ್ಬೇಕಿತ್ತು."

ಹುಡುಗ ಹೇಳಿದ್ದು ಸುಳ್ಳೆಂದು ಅವರು ಹೇಳಲಿಲ್ಲ. ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ. ಅಥವಾ ನೋಡಿದರೇನೋ... ನಾನು ಕಣ್ಣು ಮುಚ್ಚಿಕೊಂಡಿದ್ದೆನು.

ಅದೇ ವಾರ ಗರಡಿಯ ಹಿರಿಯರು ಅವರನ್ನು ಬಿಡಿಸಿದರು. ಮಕ್ಕಳನ್ನು ಹೊಡೆದು ಬಾಯಿ ಮುಚ್ಚಿಸುವ ವಸ್ತಾದನೆಂದು ಊರು ತುಂಬ ಹೆಸರಾಯಿತು. ಅವರು ಆದಿವಾಲದ ಕಡೆ ಯಾರದೋ ತೋಟ ಕಾಯಲು ಹೋದರೆಂದು ಕೇಳಿದೆವು. ನನ್ನ ಕೈ ವಾಸಿಯಾಗಲು ಒಂದು ವರ್ಷ ಹಿಡಿಯಿತು. ಚಾಚಲಾಗದ ಕೈಗೆ ತಬಲ ಒಗ್ಗಲಿಲ್ಲ. ತರಗತಿಗಳೆಲ್ಲ ತಾವಾಗಿಯೇ ನಿಂತುಹೋದವು.

ಕೆಲಸಕ್ಕೆ ಸೇರಿದಂದಿನಿಂದ ನಾನು ಹಿರಿಯೂರಿನಲ್ಲಿಯೇ ಇದ್ದೇನೆ. ಆದಿವಾಲವು ಇದೇ ತಾಲ್ಲೂಕಿನ ಊರು. ಕಚೇರಿಯ ಕೆಲಸದ ಮೇಲೆ ಆ ಊರನ್ನು ಎಷ್ಟೋ ಸಲ ದಾಟಿದ್ದೇನೆ. ಒಮ್ಮೆಯೂ ಇಳಿದಿರಲಿಲ್ಲ.

ಮಗಳಿಗೆ ಹೊಡೆದ ಆ ಶನಿವಾರ ನಮ್ಮ ತಂದೆಯವರು ಹಜಾರದ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡಿದ್ದರು. ಅವರು ಈಗ ನಮ್ಮೊಂದಿಗೇ ಇದ್ದಾರೆ. ಮೊಮ್ಮಗಳ ಹೋಂವರ್ಕಿನ ಪುಸ್ತಕಗಳಿಗೆ ರಟ್ಟು ಹಾಕಿಕೊಡುತ್ತಾರೆ. ನಾನು ನೆಲದಿಂದೆದ್ದು ಹೋಗಿ ಅವರ ಎದುರು ನಿಂತು, ವಸ್ತಾದರು ನನಗೆ ಒಂದು ಏಟನ್ನೂ ಹೊಡೆದಿರಲಿಲ್ಲವೆಂದು, ಅಂದು ಜನರೆದುರು ನಾನು ಸುಳ್ಳಾಡಿದೆನೆಂದು ತಿಳಿಸಿದೆನು. ಮೂವತ್ತು ವರ್ಷ ತಡವಾಗಿ ಸಲ್ಲಿಸಿದ ಹೇಳಿಕೆ ಅದು.

ತಂದೆಯವರು ತಮ್ಮ ಬಲಗೈಯನ್ನು ಮಗುಚಿ ಮಗುಚಿ ನೋಡಿಕೊಂಡರು.

"ಗೊತ್ತಿತ್ತು ಕಣಪ್ಪ," ಎಂದರು. "ಆ ಬರೆ ನನ್ ಪಟ್ಟೀದು ಅಂತ ನೋಡ್ದಾಗ್ಲೇ ಗೊತ್ತಾತು. ಜನ ನಿಂತಿದ್ರು. ಎತ್ತಿದ ಕೈನ ಇಳಿಸಕ್ಕಾಗ್ಲಿಲ್ಲ."

ಮರುದಿನ ಬೆಳಿಗ್ಗೆಯೇ ನಾನು ಆದಿವಾಲಕ್ಕೆ ಹೋದೆನು. ವಿಚಾರಿಸಿದಾಗ, ಗರಡಿಯ ಅಜ್ಜ ತೀರಿಹೋಗಿ ಹತ್ತು ವರ್ಷದ ಮೇಲಾಯಿತೆಂದು ತೋಟದವರು ಹೇಳಿದರು. ಒಂದು ಕಿವಿ ಪೂರ್ತಿ ಕೇಳಿಸುತ್ತಿರಲಿಲ್ಲವಂತೆ. ಊರಿನ ಮಕ್ಕಳು ಮೈಮೇಲೆ ಬಿದ್ದು ಆಡಿದರೂ ಯಾರೊಬ್ಬರಿಗೂ ಕುಸ್ತಿ ಹೇಳಿಕೊಡಲು ಒಪ್ಪಲಿಲ್ಲವಂತೆ. ನಾನು ಯಾರೆಂದು ಕೇಳಿದರು. ಅವರ ಶಿಷ್ಯನೆಂದು ಹೇಳಲು ಬಾಯಿ ಬರಲಿಲ್ಲ. ಅವರ ಬಳಿ ಏನನ್ನೂ ಕಲಿಯದವನು ನಾನು. ಪರಿಚಯದವನೆಂದಷ್ಟೇ ಹೇಳಿ ಬಂದೆನು. ಆ ಹೇಳಿಕೆಯನ್ನು ಸಲ್ಲಿಸಬೇಕಾಗಿದ್ದ ವ್ಯಕ್ತಿ ಇನ್ನಿಲ್ಲ. ಇನ್ನು ಮುಂದೆ ನಾನು ಅದನ್ನು ಯಾರೆದುರು ಓದಿದರೂ ಅದು ಅವರಿಗೆ ತಲುಪುವುದಿಲ್ಲ.

ಮನೆಗೆ ಬಂದಾಗ ಹತ್ತು ಗಂಟೆಯಾಗಿತ್ತು. ಮಗಳಿನ್ನೂ ಎದ್ದಿರಲಿಲ್ಲ. ನಾನು ಹಾಸಿಗೆಯ ಪಕ್ಕ ಕುಳಿತೆನು. ಎದ್ದ ಮೇಲೆ ಯಾವುದು ಇಷ್ಟವೆಂದು ಕೇಳಬೇಕು, ಒಂದೆಂದರೆ ಒಂದು, ಯಾವುದೂ ಬೇಡವೆಂದರೆ ಯಾವುದೂ ಇಲ್ಲ ಎಂದು ನಿಶ್ಚಯಿಸಿದೆನು. ಕೇಳುವಾಗ ನನ್ನ ಎರಡೂ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂಬುದೇ ನನಗೆ ತಿಳಿಯಲಿಲ್ಲ. ಆಕೆ ಅರೆನಿದ್ದೆಯಲ್ಲಿ ಕಣ್ಣು ಬಿಟ್ಟು, ನಾನು ಹತ್ತಿರದಲ್ಲಿರುವುದನ್ನು ಕಂಡ ಕೂಡಲೇ ತೋಳು ಮಡಿಚಿ ಮುಖಕ್ಕೆ ಅಡ್ಡ ಹಿಡಿದಳು. ಆ ತೋಳು ತಾನಾಗಿ ಕೆಳಗಿಳಿಯುವವರೆಗೆ ನಾನು ಅಲುಗಾಡದೆ ಕುಳಿತಿದ್ದೆನು. ಬಹಳ ಹೊತ್ತು ಹಿಡಿಯಿತು.

ಬರವಣಿಗೆಯ ಅಭ್ಯಾಸವಿಲ್ಲದ ನನ್ನ ಈ ಪತ್ರದಲ್ಲಿ ಅಕ್ಷರ, ಪದ, ವಾಕ್ಯಗಳ ತಪ್ಪುಗಳು ಕಂಡುಬಂದಲ್ಲಿ, ತಿಳಿದವರು ದಯಮಾಡಿ ತಿದ್ದಿಕೊಡಬೇಕಾಗಿ ಕೈಮುಗಿದು ಪ್ರಾರ್ಥಿಸುತ್ತೇನೆ.