ಚನ್ನರಾಯಪ್ಪನ ಮನೆಯವರು

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಹಿಂದಿನ ಸಹಕಾರಿ ಬ್ಯಾಂಕಿಗೆ ಕಂಪ್ಯೂಟರ್ ಬಂದ ಮೇಲೆ ಚನ್ನರಾಯಪ್ಪನಿಗೂ ಒಂದು ಗೌರವ ಬಂತು. ಮದುವೆ ಮನೆಗಳಿಗೆ ಬಾಡಿಗೆಗೆ ಹೋಗುತ್ತಿದ್ದ ಅವನ ಜನರೇಟರ್ ಬ್ಯಾಂಕಿನ ಹಿತ್ತಲಲ್ಲಿ ಕಾಯಂ ಆಗಿ ನಿಂತಿತು. ಕರೆಂಟ್ ಹೋದಾಗ ಅವನು ಹ್ಯಾಂಡಲ್ ಹೊಡೆಯಬೇಕು, ಬಂದಾಗ ನಿಲ್ಲಿಸಬೇಕು. ನಮ್ಮ ಊರುಗಳ ಕರೆಂಟಿನ ಗುಣ ಬಲ್ಲವರಿಗೆ ಇದು ಸರ್ಕಾರಿ ನೌಕರಿಗಿಂತ ಗಟ್ಟಿಯಾದ ಕೆಲಸವೆಂದು ಬೇರೆ ಹೇಳಬೇಕಿಲ್ಲ.

ಹೀಗೆ ನೆಮ್ಮದಿಯಾಗಿದ್ದವನನ್ನು ಎರಡು ಸಾವಿರದ ಏಳರಲ್ಲಿ ಒಂದು ಸುತ್ತೋಲೆ ಹಿಡಿದುಕೊಂಡಿತು. ಬ್ಯಾಂಕಿಗೆ ಹೊರಗಿನಿಂದ ನೆರವಾಗುವವರೆಲ್ಲ ಇನ್ನು ಮುಂದೆ 'ಬೆಂಬಲ ಸೇವಾದಾರರು'. ಅವರು ಮೂರು ತಿಂಗಳಿಗೊಮ್ಮೆ ಹೆಡ್ಡಾಫೀಸಿಗೆ ವರದಿ ಕೊಡತಕ್ಕದ್ದು. ಕಸ ಗುಡಿಸುವ ಶಾಮಲಮ್ಮನೂ ಸೇವಾದಾರಳೇ, ಚನ್ನರಾಯಪ್ಪನೂ ಸೇವಾದಾರನೇ. ಬಿರುದು ಸಿಕ್ಕಿದ್ದಕ್ಕೆ ಅವನು ಮೊದಲ ದಿನ ಎಲ್ಲರಿಗೂ ಟೀ ಕೊಡಿಸಿದ.

ವರದಿಯಲ್ಲಿ ಒಂದು ಕಡೆ, 'ನೀವು ಇಲ್ಲದಾಗ ಸೇವೆ ನಿರ್ವಹಿಸುವವರು ಯಾರು?' ಎಂದು ಕೇಳಿದ್ದರು. ಅವನಿಲ್ಲದಾಗ ಹ್ಯಾಂಡಲ್ ಹೊಡೆಯುತ್ತಿದ್ದವಳು ಹೆಂಡತಿ ಅಂಜಮ್ಮ. ಆದರೆ ಮದುವೆಯಾದಾಗಿನಿಂದ ಅವನು ಹೆಂಡತಿಯ ಹೆಸರನ್ನು ಬಾಯಲ್ಲಿ ಆಡಿದವನಲ್ಲ. ಬಾಯಲ್ಲಿ ಆಡದ್ದನ್ನು ಬ್ಯಾಂಕಿನ ಕಾಗದದ ಮೇಲೆ ಬರೆಯುವುದುಂಟೆ? 'ಮನೆಯವರು' ಎಂದು ಗೌರವವಾಗಿ ಬರೆದ. ಮ್ಯಾನೇಜರ್ ಸಂಕರ್ಷಣ ಮುಳಬಾಗಿಲಿನ ಹುಡುಗ. ಅವರ ತಂದೆಯೂ ಅವರ ತಾಯಿಯನ್ನು ಹಾಗೆಯೇ ಅನ್ನುತ್ತಿದ್ದುದರಿಂದ ಅವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಹೆಡ್ಡಾಫೀಸಿನಲ್ಲಿ ಕೂತಿದ್ದವರು ಅಕ್ಷರಕ್ಕೆ ಅಕ್ಷರ ಓದುವ ಪೈಕಿ. ಮನೆಯವರು ಎಂದರೆ ಯಾರು ಯಾರು, ಪಟ್ಟಿ ಕಳಿಸಿ ಎಂದರು. ಹೆದರಿದ ಚನ್ನರಾಯಪ್ಪ ರೇಷನ್ ಕಾರ್ಡಿನ ಜೆರಾಕ್ಸ್ ಕೊಟ್ಟ. ಅಲ್ಲಿಗೆ ಹೆಂಡತಿ ಅಂಜಮ್ಮ, ತಾಯಿ ಅಕ್ಕಯಮ್ಮ, ಮಗಳು ಶ್ರೀವಾಣಿ, ಮೂವರೂ ಬದಲಿ ನಿರ್ವಾಹಕರಾದರು. ಜೊತೆಗೊಂದು ನಿಯಮವೂ ಬಂತು: ಬ್ಯಾಂಕ್ ತೆರೆದಿರುವ ದಿನ ಈ ಮನೆಯ ಒಬ್ಬರಾದರೂ ಊರಲ್ಲಿ ಇರತಕ್ಕದ್ದು.

ಅಷ್ಟರಲ್ಲಿ ಶ್ರೀವಾಣಿಗೆ ಗೌನಿಪಲ್ಲಿಯ ಗಂಡು ಗೊತ್ತಾಯಿತು. ಗಂಡಿನ ಕಡೆಯವರ ಪದ್ಧತಿಯಂತೆ ಮದುವೆ ಅವರ ಊರಲ್ಲೇ. ಮುಹೂರ್ತ ಸೋಮವಾರ, ಅದೂ ಮಾವಿನ ಸುಗ್ಗಿಯಲ್ಲಿ, ಮಂಡಿ ವ್ಯಾಪಾರಿಗಳು ಬ್ಯಾಂಕಿನ ಬಾಗಿಲಲ್ಲಿ ತುಂಬಿರುವ ಕಾಲದಲ್ಲಿ.

"ಸಾರ್, ಒಂದಿನ ಬಿಟ್ಬಿಡಿ. ಹೆಣ್ಣಿನಪ್ಪ ನಾನು" ಎಂದು ಚನ್ನರಾಯಪ್ಪ ಮ್ಯಾನೇಜರ ಮುಂದೆ ನಿಂತ.

"ಗೊತ್ತು ಚನ್ನರಾಯಪ್ಪನವರೇ, ನನಗೂ ಪತ್ರಿಕೆ ಕೊಟ್ಟಿದ್ದೀರಲ್ಲ. ಆದ್ರೆ ಒಬ್ಬರು ಇರಲೇಬೇಕು. ಇಲ್ಲಾಂದ್ರೆ ವರದೀಲಿ 'ಸೇವಾದಾರರು ನಾಪತ್ತೆ' ಅಂತ ನಾನೇ ಬರೀಬೇಕು. ಆಮೇಲೆ ಕರಾರು ಉಳಿಯಲ್ಲ."

"ನಮ್ಮ ಷಡ್ಡಕನ್ನ ಕೂರಿಸ್ತೀನಿ."

"ಅವರ ಹೆಸರಿಗೆ ಒಪ್ಪಿಗೆ ಬರೋದು ಆಷಾಢಕ್ಕೆ."

"ಹಂಗಾದ್ರೆ ಮದ್ವೇನೂ ಆಷಾಢದಾಗೇ ಇಕ್ಕೊಳ್ಳನಾ ಸಾರ್?"

ಸಂಕರ್ಷಣ ನಗಲಿಲ್ಲ. ಅವರಿಗೂ ಒಂದು ವರದಿ ಇತ್ತು, ಇವನ ವರದಿಯ ಬಗ್ಗೆ.

ಮನೆಯಲ್ಲಿ ಅಂಜಮ್ಮ ಕಾದಿದ್ದಳು. "ನನ್ನೆಸ್ರು ಬರೆದಿದ್ರೆ ಕೈ ಬಿದ್ದೋಗ್ತಿತ್ತಾ ನಿಮಗೆ?"

"ಬರೆದಿದ್ರೆ ನೀನೊಬ್ಳೇ ಸಿಕ್ಕಾಕ್ಕೊಂತಿದ್ದೆ."

"ಈಗ ಮನೆಗೆ ಮನೇನೇ ಸಿಕ್ಕಾಕ್ಕೊಂಡೈತಲ್ಲ, ಸಮಾಧಾನಾನಾ?"

"ನಾನೇ ಇರ್ತೀನಿ ಬಿಡಪ್ಪ" ಎಂದು ಒಳಗಿನಿಂದ ಶ್ರೀವಾಣಿ ಅಂದಳು. "ನೀವು ಹೋಗಿ ಮದ್ವೆ ಮುಗಿಸ್ಕೊಂಡು ಬನ್ನಿ."

ಯಾರೂ ಅಕ್ಕಯಮ್ಮನ ಕಡೆ ನೋಡಲಿಲ್ಲ. ಹೆಣ್ಣು ಹಸೆಮಣೆ ಏರಬೇಕು, ಧಾರೆಗೆ ಅಪ್ಪ ಅಮ್ಮ ಇಬ್ಬರೂ ಬೇಕು. ಉಳಿಯಬಹುದಾದವಳು ಮುದುಕಿಯೊಬ್ಬಳೇ ಎಂಬುದು ಎಲ್ಲರಿಗೂ ತಿಳಿದಿತ್ತು. ಶ್ರೀವಾಣಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ. ಮದುವೆಗೆಂದು ರೇಷ್ಮೆ ಸೀರೆಯನ್ನು ಆಗಲೇ ಬಿಸಿಲಿಗೆ ಹಾಕಿ ಮಡಿಸಿಟ್ಟಿದ್ದಳು.

"ಲೇ ಚನ್ನಾ, ಆ ಮಿಷನ್ ಪಕ್ಕ ನೆರಳು ಐತೇನೋ?" ಎಂದು ಅವಳೇ ಕೇಳಿದಳು.

"ನಿನ್ ಕೈಲಿ ಹ್ಯಾಂಡಲ್ ಹೊಡೆಯಾಕಾಗುತ್ತೇನಮ್ಮ?"

"ಊರಾಗಿರ್ಬೇಕು ಅಂತ ತಾನೆ ಅವ್ರು ಬರೆದಿರಾದು? ಇರ್ತೀನಿ. ಧಾರೆಗೆ ಅಜ್ಜಿ ಬೇಕಿಲ್ಲ ಕಣೋ. ಪೋಂಡ್ರಾ, ಹೋಗಿ ಮದ್ವೆ ಮಾಡ್ಕೊಂಡು ಬರೋಗ್ರಿ."

ಹೋದರು. ಗೌನಿಪಲ್ಲಿಯ ಛತ್ರದಲ್ಲಿ ಮಗಳ ಕೈಮೇಲೆ ತೆಂಗಿನಕಾಯಿ ಇಟ್ಟು, ಇನ್ನೇನು ಹಾಲು ಎರೆಯಬೇಕು, ಫ್ಯಾನು ನಿಂತಿತು. ಚನ್ನರಾಯಪ್ಪ ತಂಬಿಗೆ ಸಮೇತ ಅರ್ಧ ಎದ್ದುಬಿಟ್ಟ. ಅಂಜಮ್ಮ ಅವನ ಶಲ್ಯ ಹಿಡಿದು ಎಳೆದಳು.

"ಎಲ್ಲಿಗೆ? ಕೂತ್ಕಳಿ. ಇಲ್ಲಿ ಯಾರೋ ಹೊಡೀತಾರೆ."

ಕೂತ. ಪುರೋಹಿತರು ಏನು ಹೇಳಿದರೋ, ತಾನು ಏನು ಎರೆದನೋ, ಒಂದೂ ತಲೆಗೆ ಹೋಗಲಿಲ್ಲ. ಎಲ್ಲರೂ ಅಕ್ಷತೆ ಹಾಕುವಾಗ ಅವನಿಗೆ ಕಂಡದ್ದು ಬ್ಯಾಂಕಿನ ಕತ್ತಲೆ, ನಡುವೆ ಒಬ್ಬಳೇ ಕೂತ ತಾಯಿ.

ಮರುದಿನ ಬೆಳಿಗ್ಗೆ ಬ್ಯಾಂಕಿಗೆ ಓಡಿದ. ಅಲ್ಲಿ ಎಲ್ಲ ಸರಿಯಾಗಿಯೇ ನಡೆದಿತ್ತು. ಅಕ್ಕಯಮ್ಮ ರೇಷ್ಮೆ ಸೀರೆ ಉಟ್ಟು ಹಿತ್ತಲ ಸ್ಟೂಲಿನ ಮೇಲೆ ಕೂತಿದ್ದಳಂತೆ. ಕರೆಂಟ್ ಹೋದಾಗ ಮಂಡಿಯ ಇಬ್ಬರು ಹಮಾಲಿಗಳನ್ನು ಕರೆದು, "ಏನ್ಲಾ, ಲೋಡುಗಟ್ಲೆ ಮಾವಿನಕಾಯಿ ಎತ್ತೋರು, ಇದೊಂದು ಕೋಲು ತಿರುಗ್ಸಾಕಾಗಲ್ವಾ?" ಎಂದು ಹ್ಯಾಂಡಲ್ ಹೊಡೆಸಿದ್ದಳಂತೆ. ಸಂಕರ್ಷಣ ಅವಳಿಗೆ ಹೋಟೆಲಿನಿಂದ ಒಬ್ಬಟ್ಟು ತರಿಸಿದ್ದರು. ಅವಳು ಅದನ್ನು ಮುಟ್ಟಿರಲಿಲ್ಲ.

'ಅಡಚಣೆ ಇಲ್ಲ, ನಿರ್ವಹಿಸಿದವರು ಅಕ್ಕಯಮ್ಮ' ಎಂದು ವರದಿ ಹೋಯಿತು. ಹೆಡ್ಡಾಫೀಸಿನವರು ಬಹಳ ಮೆಚ್ಚಿ, ಇದೇ ಮನೆಯವರು, ಇದೇ ನಿಯಮ ಎಂದು ಕರಾರನ್ನು ಐದು ವರ್ಷಕ್ಕೆ ಮುಂದುವರಿಸಿದರು. ಸಂಕರ್ಷಣ ಕೈಕುಲುಕಿದಾಗ ಚನ್ನರಾಯಪ್ಪನಿಗೆ ಯಾರೋ ಹೊರಗಿನಿಂದ ಚಿಲಕ ಹಾಕಿದಂತಾಯಿತು.

ವಾರ ಕಳೆಯುವುದರೊಳಗೆ ಗೌನಿಪಲ್ಲಿಯಿಂದ ಔತಣಕ್ಕೆ ಕರೆ ಬಂತು. ಅಂಜಮ್ಮ ಗಂಡನ ಬಿಳಿ ಅಂಗಿಗೆ ನೀಲಿ ಹಾಕಿ ಒಣಗಿಸಿದಳು. ಅತ್ತೆ ಹೇಗೂ ಇದ್ದಾರೆ ಎಂಬ ಮಾತು ಅವಳ ಬಾಯಿಂದ ಹೊರಡುವಷ್ಟರಲ್ಲಿ ಅಕ್ಕಯಮ್ಮ ಸೀರೆ ಉಟ್ಟು, ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ಹೆಂಗಿದ್ರೂ ಒಬ್ರು ಇರ್ಬೇಕಲ್ಲ, ಇಬ್ರೂ ಇರಿ. ನನ್ ಮೊಮ್ಮಗಳನ್ನ ನಾನು ನೋಡ್ಕೊಂಡು ಬರ್ತೀನಿ."

ಚನ್ನರಾಯಪ್ಪ ಅವಳ ಕೈಯಿಂದ ಚೀಲ ತೆಗೆದುಕೊಂಡ. ಬಸ್ಸು ಹತ್ತಿಸಿ ಕಿಟಕಿಯ ಪಕ್ಕ ಕೂರಿಸಿದ. "ಯಾವಾಗ ಬರ್ತೀಯಮ್ಮ?" ಎಂದು ಕೇಳಿದ.

"ಗೊತ್ತಿಲ್ಲ" ಎಂದು ಅಕ್ಕಯಮ್ಮ ಕಾಲು ನೀಡಿಕೊಂಡಳು. "ಬ್ಯಾಂಕಿಗೆ ನಾನೇನೂ ಬರೆದು ಕೊಟ್ಟು ಬಂದಿಲ್ಲ."